ಮನೆಗೆ ಐತ್ವ ಕೊಟ್ಟದ್ದು

ಕರ್ನಾಟಕದಿಂದ ಹೊಸದಾಗಿ ಚೆನ್ನೈಗೆ ಬಂದವರು ತಮಿಳು ಕಲಿಯಲು ಒಂದು ಅಡ್ಡದಾರಿ ಹುಡುಕಿಕೊಂಡಿರುತ್ತಾರೆ. ಕನ್ನಡದ ಪದ ತೆಗೆದುಕೊಂಡು ಅದರ ಬಾಲಕ್ಕೆ ಒಂದು ಐತ್ವ ಕೊಟ್ಟುಬಿಡುವುದು. ತಲೆ ತಲೈ ಆಗುತ್ತದೆ, ಎಲೆ ಇಲೈ, ಬಾಳೆ ವಾಳೈ, ಕೋಟೆ ಕೋಟ್ಟೈ. ತರಕಾರಿ ಅಂಗಡಿಯಲ್ಲಿ, ಆಟೋದಲ್ಲಿ ಇದರಿಂದ ಕೆಲಸ ನಡೆದುಹೋಗುತ್ತದೆ. ಎದುರಿನವನು ನಕ್ಕರೂ ಬಾಳೆಕಾಯಿ ಸಿಗುತ್ತದೆ. ನಾನು ಇಲ್ಲೇ ಹುಟ್ಟಿ ಬೆಳೆದವಳು, ನನಗೆ ಈ ಅಡ್ಡದಾರಿಯ ಅಗತ್ಯ ಬಿದ್ದಿಲ್ಲ. ನಮ್ಮ ಮನೆಯ ಕನ್ನಡದಲ್ಲೇ ಅರ್ಧ ತಮಿಳಿದೆ, ಮೈಸೂರಿನ ನೆಂಟರು ನಮ್ಮನ್ನು ಆಡಿಕೊಳ್ಳುವುದೂ ಅದಕ್ಕೇ. ಆದರೆ ಆ ಒಂದು ಐತ್ವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಏನು ಮಾಡಿತು ಎಂಬುದನ್ನು ನಾನು ಹತ್ತಿರದಿಂದ ನೋಡಿದೆ.

ಪೋರೂರು ಕೆರೆಯಿಂದ ಸ್ವಲ್ಪ ದೂರದಲ್ಲಿ ನಮ್ಮ ಕಟ್ಟಡಗಳಿವೆ. ಅಪಾರ್ಟ್‌ಮೆಂಟ್ ಎಂದರೆ ಅಸೋಸಿಯೇಷನ್‌ನವರಿಗೆ ಮುಖ ಸಣ್ಣಗಾಗುತ್ತದೆ, ಟೌನ್‌ಶಿಪ್ ಎನ್ನಬೇಕು. ಅದು ಪೂರ್ತಿ ಸುಳ್ಳೇನಲ್ಲ. ಒಂದು ಸಣ್ಣ ಊರಿನಷ್ಟು ಜನ ಇಲ್ಲಿದ್ದಾರೆ. ಒಳಗೇ ಶಿಶುವಿಹಾರ, ಔಷಧಿ ಅಂಗಡಿ, ಇಸ್ತ್ರಿ ಅಂಗಡಿ, ಪಿಳ್ಳೈಯಾರ್ ಗುಡಿ, ಯಾರೂ ಇಳಿಯದ ಈಜುಕೊಳ. ಊರಿಗೆ ಬೇಕಾದದ್ದೆಲ್ಲ ಇದೆ, ಆ ಊರನ್ನು ಗುಡಿಸುವವರು ಮಲಗುವ ಜಾಗ ಒಂದನ್ನು ಬಿಟ್ಟು. ಪ್ಲಾನ್ ಬರೆದ ಪುಣ್ಯಾತ್ಮನಿಗೆ ಕಾರುಗಳು ಎಲ್ಲಿ ಮಲಗಬೇಕು ಎಂಬ ಚಿಂತೆ ಇತ್ತು. ಪ್ರತಿ ಕಾರಿಗೂ ಗೆರೆ ಎಳೆದು ನಂಬರು ಹಾಕಿಸಿದ್ದ. ಬೆಳಿಗ್ಗೆ ಬಂದು ಪಾತ್ರೆ ತಿಕ್ಕುವವರು ಎಲ್ಲಿಂದ ಬರುತ್ತಾರೆ ಎಂದು ಅವನನ್ನು ಯಾರೂ ಕೇಳಿರಲಿಕ್ಕಿಲ್ಲ.

ಅವರು ಬರುತ್ತಿದ್ದದ್ದು ನಮ್ಮ ಹಿಂಬದಿಯ ಕಾಂಪೌಂಡ್ ಗೋಡೆಯ ಆಚೆಯಿಂದ. ಅಲ್ಲಿ ಒಬ್ಬರ ಖಾಸಗಿ ಜಾಗದಲ್ಲಿ ಶೀಟು ಹೊದಿಸಿದ ಸಾಲುಮನೆಗಳಿದ್ದವು. ಒಂದೊಂದು ಕೋಣೆ, ಸಾಲಿಗೊಂದು ನಲ್ಲಿ. ನಮ್ಮ ಟೌನ್‌ಶಿಪ್ಪಿನ ಕೆಲಸದವರು, ತೋಟದವರು, ಕಾವಲಿನವರು ಬಹುಪಾಲು ಆ ಸಾಲಿನವರೇ. ಹಿಂದಿನ ಗೇಟು ದಾಟಿದರೆ ಕೆಲಸ, ದಾಟಿದರೆ ಮನೆ. ನಮ್ಮಲ್ಲಿ ಕೆಲಸ ಮಾಡುತ್ತಿದ್ದವಳೂ ಅಲ್ಲೇ ಇದ್ದಳು. ಅವಳ ಗಂಡ ಅದೇ ಹಿಂದಿನ ಗೇಟಿನ ರಾತ್ರಿ ಕಾವಲುಗಾರ. ಬೆಳಿಗ್ಗೆ ಅವನು ಡ್ಯೂಟಿ ಮುಗಿಸಿ ಹೊರಡುವಾಗ ಇವಳು ಒಳಗೆ ಬರುತ್ತಿದ್ದಳು. ಗೇಟಿನಲ್ಲಿ ಮನೆಯ ಬೀಗದ ಕೈ ಅವಳ ಸೆರಗಿನಿಂದ ಅವನ ಜೇಬಿಗೆ ಹೋಗುತ್ತಿತ್ತು. ಅವನು ಹೋಗಿ ಮಲಗುತ್ತಿದ್ದ, ಇವಳು ನಮ್ಮ ಬ್ಲಾಕಿನಲ್ಲಿ ಒಂದಾದ ಮೇಲೊಂದು ಮನೆಯ ಕೆಲಸ ಮುಗಿಸಿ ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ಹೋಗಿ ಅಡುಗೆ ಮಾಡುತ್ತಿದ್ದಳು. ಮೂವರೂ ಒಟ್ಟಿಗೆ ಕೂತು ಉಣ್ಣುವುದು ಸಂಜೆ ಅವನು ಮತ್ತೆ ಡ್ಯೂಟಿಗೆ ಹೊರಡುವ ಮುಂಚೆ. ಆ ಗೋಡೆ ಅಷ್ಟು ಹತ್ತಿರ ಇದ್ದದ್ದರಿಂದ ಅವರ ಸಂಸಾರ ಸಂಸಾರವಾಗಿತ್ತು.

ಅವಳಿಗೆ ಅಡುಗೆಮನೆಯ ಮಟ್ಟಿಗೆ ಕನ್ನಡ ಬರುತ್ತಿತ್ತು. ಅದು ನನ್ನ ಗಂಡನ ಕೆಲಸ. ಅವರು ಮದುವೆಯಾದ ಮೇಲೆ ಮೈಸೂರಿನಿಂದ ಇಲ್ಲಿಗೆ ಬಂದವರು, ಇಷ್ಟು ವರ್ಷ ಬ್ಯಾಂಕಿನಲ್ಲಿ ತಮಿಳಿನಲ್ಲೇ ಕೆಲಸ ಮಾಡಿಯೂ ಮನೆಯ ಹೊಸ್ತಿಲ ಒಳಗೆ ತಮಿಳು ಬಿಟ್ಟುಕೊಳ್ಳುತ್ತಿರಲಿಲ್ಲ. ನಮ್ಮ ಮಗಳು ಅವರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಟ್ಟು ಬೆಳೆದಳು. ಕಲಿಸಿದ್ದನ್ನು ಕಲಿತವಳು ಈ ಕೆಲಸದವಳು ಮಾತ್ರ. 'ಸಾರಿಗೆ ಉಪ್ಪು ಸಾಲ್ದು ಸಾರ್' ಎಂದು ಅವಳು ಹೇಳಿದ ದಿನ ಅವರಿಗೆ ಆದ ಸಂತೋಷವನ್ನು ಮಗಳು ಇಂಜಿನಿಯರಿಂಗ್ ಪಾಸಾದಾಗಲೂ ನಾನು ನೋಡಲಿಲ್ಲ.

ಈ ಸಂಗತಿ ನಡೆಯುವ ಹೊತ್ತಿಗೆ ಅವರು ತೀರಿಕೊಂಡು ಕೆಲವು ತಿಂಗಳಾಗಿತ್ತು. ನಾನು ಅತ್ತಿರಲಿಲ್ಲ. ಇನ್ಷೂರೆನ್ಸ್ ಆಫೀಸಿಗೆ ಹೋಗುತ್ತಿದ್ದೆ, ಬೇರೆಯವರ ಗಂಡಂದಿರ ಕ್ಲೇಮ್ ನೋಡುತ್ತಿದ್ದೆ, ಬರುತ್ತಿದ್ದೆ. ಉಪ್ಪು ಹಾಕಿದ್ದೇನೋ ಇಲ್ಲವೋ ತಿಳಿಯದೆ ಊಟ ಮಾಡುತ್ತಿದ್ದೆ. ಯಾರಾದರೂ ಕೈ ಹಿಡಿದು ಸಮಾಧಾನ ಹೇಳಿದರೆ ಆ ಕೈ ಯಾವಾಗ ಬಿಡುತ್ತಾರೋ ಎಂದು ಕಾಯುತ್ತಿದ್ದೆ. ಕನ್ನಡದಲ್ಲಿ ಮರಗಟ್ಟುವುದು ಎನ್ನುತ್ತೇವೆ. 'ಅಮ್ಮಾವುಕ್ಕು ಮರತ್ತುಪೋಚ್ಚು' ಎಂದು ಅವಳು ಲಿಫ್ಟಿನ ಬಳಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿತ್ತು. ಎರಡು ಭಾಷೆಯಲ್ಲೂ ಮರವೇ ಇದೆ. ಸರಿಯಾಗಿಯೇ ಹೇಳಿದಳು ಎಂದುಕೊಂಡು ಬಾಗಿಲು ಹಾಕಿಕೊಂಡೆ.

ಆ ಮಳೆಗಾಲದ ಮುಂಚೆ ಸಾಲುಮನೆಗಳ ಜಾಗ ಮಾರಾಟವಾಯಿತು. ಕೊಂಡವರು ಇನ್ನೊಂದು ಟವರ್ ಕಟ್ಟುವವರು. ಪೊಂಗಲ್ ಕಳೆಯುವುದರೊಳಗೆ ಎಲ್ಲರೂ ಖಾಲಿ ಮಾಡಬೇಕು ಎಂದಾಯಿತು. ಕೆಲವರು ಕಾಯದೆ ಆಗಲೇ ಹೊರಟರು. ಹತ್ತಿರದಲ್ಲಿ ಅವರ ಕೈಗೆ ಎಟುಕುವ ಬಾಡಿಗೆಯ ಕೋಣೆ ಒಂದೂ ಇರಲಿಲ್ಲ. ಇವಳ ಅಣ್ಣ ತಿರುವೊಟ್ಟಿಯೂರಿನಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದ. ತನ್ನ ಮನೆಯ ಎದುರೇ ಎರಡು ಕೋಣೆಯ ಪೋರ್ಷನ್ ನೋಡಿಟ್ಟಿದ್ದೇನೆ, ಬಾವನಿಗೆ ಇಲ್ಲೇ ಒಂದು ಗೋಡೌನಿನಲ್ಲಿ ಕಾವಲು ಕೆಲಸ ಮಾತಾಡಿದ್ದೇನೆ, ಎಲ್ಲ ಬಿಟ್ಟು ಬನ್ನಿ ಎಂದು ಕರೆಯುತ್ತಿದ್ದ. ಪೋರೂರು ಎಲ್ಲಿ, ತಿರುವೊಟ್ಟಿಯೂರು ಎಲ್ಲಿ. ಒಂದೇ ಚೆನ್ನೈ ಎನ್ನುವುದು ಹೇಳುವುದಕ್ಕೆ. ಅಲ್ಲಿಗೆ ಹೋದರೆ ಇಲ್ಲಿ ಕಟ್ಟಿಕೊಂಡ ಕೆಲಸ, ಮಗಳ ಸ್ಕೂಲು ಎಲ್ಲ ಹೋಯಿತು. ಮಗಳು ಪ್ಲಸ್ ಟೂನಲ್ಲಿದ್ದಳು. ಅಣ್ಣನಿಗೆ ಹೂಂ ಎನ್ನಬೇಕೋ ಬೇಡವೋ ಎಂದು ಅವಳು ದಿನವೂ ನನ್ನ ಸಿಂಕಿನ ಮುಂದೆ ನಿಂತು ಲೆಕ್ಕ ಹಾಕುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ.

ಅಷ್ಟರಲ್ಲಿ ಬಿಸಿ ಟೌನ್‌ಶಿಪ್ಪಿಗೂ ತಟ್ಟಿತು. ಕೆಲವು ಮನೆಗಳಲ್ಲಿ ಪಾತ್ರೆ ರಾಶಿ ಬಿದ್ದವು. ಪೆರುಂಗುಡಿಗೆ, ಇನ್ನೆಲ್ಲಿಗೋ ಆಫೀಸಿಗೆ ಓಡುವವರು ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ರಜಾ ಹಾಕಿದರು. ಊರು ಎಂದರೆ ಏನು ಎನ್ನುವುದು ಜನಕ್ಕೆ ತಿಳಿಯುವುದು ಕಸ ಎತ್ತುವವನು ಬರದಿದ್ದಾಗ. ವಾಟ್ಸಾಪಿನಲ್ಲಿ ಕೂಗಾಟ ಎದ್ದಮೇಲೆ ಜನರಲ್ ಬಾಡಿ ಮೀಟಿಂಗ್ ಕರೆದರು. ನನ್ನ ಮಗಳು ಆಫೀಸಿನಲ್ಲಿದ್ದಳು, ಹಾಗಾಗಿ ನಾನು ಹೋದೆ. ಒಬ್ಬರು ದೂರದಿಂದ ಕೆಲಸದವರನ್ನು ಕರೆತರಲು ವ್ಯಾನು ಇಡೋಣ ಎಂದರು. ಇನ್ನೊಬ್ಬರು ಪಾತ್ರೆ ತೊಳೆಯುವ ಮಷೀನು ಎಲ್ಲರೂ ಒಟ್ಟಿಗೆ ಕೊಂಡರೆ ರೇಟು ಕಡಿಮೆಯಾಗುತ್ತದೆ ಎಂದರು.

ನನಗೆ ನಗು ಬರಬೇಕಿತ್ತು. ನಾನು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಗುಮಾಸ್ತರು. ನಮ್ಮ ಎದುರಿನ ಸಾಲಿನಲ್ಲಿ ವರ್ಕ್‌ಶಾಪಿನಲ್ಲಿ ಎಣ್ಣೆ ಬಿಡುವವರು, ಅದರ ಹಿಂದೆ ಹಳಿ ನೋಡಿಕೊಳ್ಳುವವರು. ಮನೆ ದೊಡ್ಡದು ಚಿಕ್ಕದು ಇತ್ತು, ಬಣ್ಣ ಎಲ್ಲದಕ್ಕೂ ಒಂದೇ ಹಳದಿ. ಇಂಜಿನ್ ಡ್ರೈವರುಗಳ ಮನೆ ಇನ್ನೂ ಹತ್ತಿರ, ಏಕೆಂದರೆ ಡ್ಯೂಟಿಗೆ ಕರೆಯಲು ಒಬ್ಬ ಸೈಕಲ್ಲಿನಲ್ಲಿ ಬಂದು ಬಾಗಿಲು ತಟ್ಟಬೇಕಿತ್ತು. ಬಾಗಿಲು ತಟ್ಟುವಷ್ಟು ದೂರದಲ್ಲಿ ಜನ ಇಲ್ಲದಿದ್ದರೆ ರೈಲು ಹೊರಡುವುದಿಲ್ಲ ಎಂದು ಆ ಕಾಲದವರಿಗೆ ಗೊತ್ತಿತ್ತು. ಅದೇನು ದಯೆ ಧರ್ಮವಲ್ಲ, ರೈಲು ಓಡಬೇಕಿತ್ತು, ಅಷ್ಟೇ. ಊರು ಕಟ್ಟುವವರು ಮೊದಲು ಅದನ್ನು ನೋಡಬೇಕು, ಈಜುಕೊಳ ಆಮೇಲೆ. ಇದನ್ನೆಲ್ಲ ನಾನು ಮೀಟಿಂಗಿನಲ್ಲಿ ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ ಎಂದು ಆಮೇಲೆ ಯಾರೋ ಹೇಳಿದರು. ನನಗೆ ನನ್ನ ಧ್ವನಿ ಪಕ್ಕದ ಮನೆಯ ಟಿವಿಯಂತೆ ಕೇಳುತ್ತಿತ್ತು.

ಆ ಮಾತನ್ನು ಹಿಡಿದುಕೊಂಡವರು ನಮ್ಮ ಅಸೋಸಿಯೇಷನ್ ಪ್ರೆಸಿಡೆಂಟ್. ಹಾಸನದ ಕಡೆಯವರು, ಚೆನ್ನೈಗೆ ಬಂದು ಎರಡು ಮೂರು ವರ್ಷವಾಗಿರಬಹುದು, ಯಾವುದೋ ಕಂಪನಿಯಲ್ಲಿ ದೊಡ್ಡ ಕೆಲಸ. ನಲವತ್ತರ ಆಸುಪಾಸಿನ, ತಾಳ್ಮೆಯ ಮನುಷ್ಯ. ನಮ್ಮ ಹಿಂದಿನ ಗೇಟಿನ ಪಕ್ಕ, ಕೊಳಚೆ ನೀರು ಶುದ್ಧ ಮಾಡುವ ಘಟಕದ ಹತ್ತಿರ, ಅಸೋಸಿಯೇಷನ್‌ಗೇ ಸೇರಿದ ಖಾಲಿ ಜಾಗವಿತ್ತು. ಅಲ್ಲಿ ಎರಡು ಅಂತಸ್ತಿನ ಒಂದು ಕಟ್ಟಡ ಕಟ್ಟಿ, ನಮ್ಮಲ್ಲಿ ಕೆಲಸ ಮಾಡುವವರಿಗೆ ಕಡಿಮೆ ಬಾಡಿಗೆಗೆ ಕೊಡೋಣ, ಅದುವರೆಗೆ ತಾತ್ಕಾಲಿಕ ಶೆಡ್ಡು ಹಾಕೋಣ ಎಂದರು ಅವರು. ಮನೆ ಮನೆ ಹತ್ತಿ ಇಳಿದು ಒಪ್ಪಿಸಿದರು. ಮುಂದಿನ ಮೀಟಿಂಗಿನಲ್ಲಿ ಅದು ಪಾಸೂ ಆಯಿತು. ನನ್ನ ಮಗಳು ಕೂಡ 'ನಾಟ್ ಬ್ಯಾಡ್ ಮಾ, ನಿಜಮಾವೇ ಪಣ್ಣಪ್ಪೋರಾಂಗ' ಎಂದಳು, ನಿಜವಾಗಿ ಮಾಡುತ್ತಾರಂತೆ ಎಂದು. ಇಷ್ಟರವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಆಯುಧಪೂಜೆಯ ದಿನ ಪಂಪ್‌ಹೌಸಿಗೆ, ಜನರೇಟರಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕೆಲಸದವರಿಗೆಲ್ಲ ಪುರಿ ಕಡಲೆ ಬಾಳೆಹಣ್ಣು ಹಂಚುವುದು ನಮ್ಮಲ್ಲಿ ರೂಢಿ. ಆ ವರ್ಷ ಪೂಜೆಯನ್ನು ಆ ಖಾಲಿ ಜಾಗದಲ್ಲೇ ಇಟ್ಟರು. ಕೆಲಸದವರೆಲ್ಲ ನೆಲದ ಮೇಲೆ ಕೂತಿದ್ದರು, ನಾವು ಸುತ್ತ ನಿಂತಿದ್ದೆವು. ಇಷ್ಟು ದಿನ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಪ್ರೆಸಿಡೆಂಟ್ ಈ ಸಲ ತಮಿಳಿನಲ್ಲೇ ಹೇಳಬೇಕೆಂದು ಪ್ರಾಕ್ಟೀಸ್ ಮಾಡಿಕೊಂಡು ಬಂದಿದ್ದರು. ಮೈಕು ಹಿಡಿದು, ಕಾಲ ಕೆಳಗಿನ ನೆಲಕ್ಕೆ ಬೆರಳು ತೋರಿಸಿ, ಒಂದೊಂದೇ ಪದ ಬಿಡಿಸಿ ಹೇಳಿದರು: "ಇಂದ ಇಡತ್ತುಲೆ, ಉಂಗಳುಕ್ಕು, ಮನೈ ಕುಡುಕ್ಕಪ್ಪೋರೋಂ!"

ಈ ಜಾಗದಲ್ಲಿ ನಿಮಗೆ ಮನೆ ಕೊಡುತ್ತೇವೆ ಎಂದು ಅವರ ಲೆಕ್ಕ. ಆದರೆ ತಮಿಳಿನಲ್ಲಿ ಮನೆಗೆ ವೀಡು ಎನ್ನುತ್ತಾರೆ. ಮನೈ ಎಂದರೆ ಸೈಟು. ಮನೆ ಕಟ್ಟುವ ನೆಲ. ಪೋರೂರಿನಿಂದ ಹೊರಗೆ ಹೋಗುವ ದಾರಿಯುದ್ದಕ್ಕೂ ಬೋರ್ಡುಗಳಲ್ಲಿ ಇರುವುದು ಅದೇ, ಮನೈಗಳು ಮಾರಾಟಕ್ಕಿವೆ ಎಂದು. ಅವರು ನೆಲ ತೋರಿಸಿ ಈ ಜಾಗದಲ್ಲಿ ನಿಮಗೆ ಸೈಟು ಕೊಡುತ್ತೇವೆ ಎಂದುಬಿಟ್ಟಿದ್ದರು.

ಕೂತಿದ್ದವರು ತಾವು ಕೂತ ನೆಲವನ್ನು ನೋಡಿಕೊಂಡರು. ಆಮೇಲೆ ಚಪ್ಪಾಳೆ. ನಮ್ಮವಳು ಪುರಿಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಪ್ರೆಸಿಡೆಂಟರ ಕಣ್ಣೂ ತುಂಬಿತು. ಬಾಡಿಗೆ ಕೋಣೆಗೆ ಜನ ಇಷ್ಟು ಸಂತೋಷ ಪಡುತ್ತಾರಲ್ಲ ಎಂದುಕೊಂಡಿರಬೇಕು ಪಾಪ. ಸುತ್ತ ನಿಂತಿದ್ದ ತಮಿಳು ಮನೆಗಳವರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಆ ಪದ ಕೇಳಿದ ಕೂಡಲೇ ಏನಾಯಿತೆಂದು ಗೊತ್ತಾಯಿತು, ಆದರೆ ಎದೆ ಧಸಕ್ಕೆನ್ನಲಿಲ್ಲ. ಬೇರೆಯವರ ಮನೆಯಲ್ಲಿ ಹಾಲು ಉಕ್ಕಿದ್ದನ್ನು ನೋಡಿದಂತೆ ನೋಡಿದೆ. ಆಮೇಲೆ ಕಾಲು ತಾನಾಗಿ ನಡೆದು ಅವರ ಹತ್ತಿರ ಹೋಯಿತು.

"ಮನೈ ಅಂದ್ರೆ ಸೈಟು ಸಾರ್. ನೀವು ಅವ್ರಿಗೆ ಸೈಟ್ ಕೊಡ್ತೀನಿ ಅಂದ್ಬಿಟ್ರಿ. ವೀಡು ಅನ್ಬೇಕಿತ್ತು."

"ಅಯ್ಯಯ್ಯೋ, ಹೌದಾ ಮೇಡಮ್? ಮನೆ ಮನೈ ಒಂದೇ ಅಲ್ವಾ? ತಲೆ ತಲೈ ಇದ್ದಂಗೆ?"

"ಅಲ್ಲ ಅಂತ ತಾನೆ ಹೇಳ್ತಿರೋದು. ಈಗ್ಲೇ ಮೈಕ್ ತಗೊಂಡು ಸರಿಮಾಡಿ, ಸೀಕ್ರಂ."

ಅವರು ಪಕ್ಕಾ ಪ್ರಾಮಾಣಿಕ ಮನುಷ್ಯ. ಸಂಕೋಚವೇ ಪಡದೆ ಮೈಕು ಕೈಗೆ ತೆಗೆದುಕೊಂಡರು. ನನ್ನ ಗ್ರಹಚಾರಕ್ಕೆ, ಅವರ ಗ್ರಹಚಾರಕ್ಕೆ, ಬೀದಿಯಲ್ಲಿ ಕೇಳಿ ಕಲಿತ ತಮಿಳನ್ನೇ ಬಳಸಿದರು. "ಮನೈ ಇಲ್ಲೆ, ವೀಡು! ಮನೈ ಇಲ್ಲೆ, ವೀಡು!"

ಮನೈ ಅಲ್ಲ, ವೀಡು. ಸರಿಯೇ. ಆದರೆ ಹಾಸನದ ನಾಲಿಗೆ, ಗೊರಗೊರ ಮೈಕು, ಚಪ್ಪಾಳೆಯ ಸದ್ದು. ಇಲ್ಲೆ ಎನ್ನುವುದರಲ್ಲಿ ಒಂದು ಒತ್ತು ಕಳೆದುಹೋಯಿತು. ಕೂತವರಿಗೆ ಕೇಳಿಸಿದ್ದು ಮನೈಯಿಲೆ ವೀಡು. ಅಂದರೆ ಸೈಟಿನಲ್ಲಿ ಮನೆ. ಸೈಟು ಕೊಡುವುದಷ್ಟೇ ಅಲ್ಲ, ಅದರ ಮೇಲೆ ಮನೆಯನ್ನೂ ಕಟ್ಟಿಸಿಕೊಡುತ್ತಾರೆ! ಈ ಸಲದ ಚಪ್ಪಾಳೆಗೆ ಪಿಳ್ಳೈಯಾರ್ ಗುಡಿಯ ಪಾರಿವಾಳಗಳು ಎದ್ದು ಹಾರಿದವು. ಕನ್ನಡದ ಕಿವಿಗೂ ಅದು ಮನೆ ಇಲ್ಲೇ ಎಂದೇ ಕೇಳುತ್ತಿತ್ತು. ಪ್ರೆಸಿಡೆಂಟ್ ನನ್ನ ಕಡೆ ನೋಡಿ, ಸರಿಹೋಯಿತಲ್ಲ ಎನ್ನುವಂತೆ ತಲೆಯಾಡಿಸಿದರು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಕುಂಬಳಕಾಯಿ ಒಡೆದರು.

ಮರುದಿನ ಬೆಳಿಗ್ಗೆ ಅವಳು ಬಂದ ಕೂಡಲೇ ಕಾಫಿ ಕೊಟ್ಟು ಕೂರಿಸಿಕೊಂಡು ಹೇಳಿದೆ. ಅವಳಿಗೆ ನಮ್ಮ ಮನೆಯ ಕನ್ನಡ ಗೊತ್ತಿದ್ದದ್ದರಿಂದ ಅರ್ಥಮಾಡಿಸುವುದು ಸುಲಭ ಎಂದುಕೊಂಡಿದ್ದೆ.

"ನೋಡು, ನಾವು ಕನ್ನಡದಲ್ಲಿ ಮನೆ ಅಂತೀವಲ್ಲ, ಅವರು ಹೇಳಿದ್ದು ಅದು. ಇರೋಕೆ ಒಂದು ರೂಮು. ಬಾಡಿಗೆಗೆ. ಸೈಟು ಯಾರೂ ಕೊಡಲ್ಲ."

ಅವಳು ಲೋಟ ಕೆಳಗಿಟ್ಟಳು. "ನಿಮ್ಮ ಮನೆ ಬೇರೆ ಅಮ್ಮಾ, ನಮ್ಮ ಮನೈ ಬೇರೆ. ಅವರು ನೆಲಾನೇ ತೋರ್ಸಿ ಸೊನ್ನಾರು. ಎರಡು ಸಾರಿ ಸೊನ್ನಾರು."

"ಎರಡನೇ ಸಾರಿ ಹೇಳಿದ್ದು ಬೇರೆ ಕಣೇ. ಸೈಟ್ ಅಲ್ಲ ಅಂತ ಹೇಳಿದ್ದು."

"ನೀವು ತಾನೇ ಹೋಗಿ ಅವರ ಕಿವೀಲಿ ಏನೋ ಹೇಳಿದ್ದು? ನಾನು ಕಣ್ಣಾರೆ ಪಾತ್ತೇನ್." ಅವಳ ಧ್ವನಿ ಏರಲಿಲ್ಲ. "ನಾವು ಹುಟ್ಟಿದ ಮೇಲೆ ಎದ್ದು ಹೋಗು ಅನ್ನಿಸ್ಕೊಳ್ದೆ ಒಂದು ಕಡೆ ಇದ್ದದ್ದಿಲ್ಲೆ. ಒಂದು ಓಲೆ ಗುಡಿಸಲು ಹಾಕ್ಕೊಂಡ್ರೂ ನಮ್ಮದು. ನಿಮಗೆ ಅದು ಬೇಡ್ವಾ ಅಮ್ಮಾ?"

ನಾನು ಮನೆಯಲ್ಲಿದ್ದುಕೊಂಡು ಅವಳಿಗೆ ನೆಲವಿಲ್ಲ ಎನ್ನುತ್ತಿದ್ದೆ. ನಿಜ ಹೇಳುತ್ತಿದ್ದೇನೆ ಎಂಬುದಕ್ಕೆ ನನ್ನ ಹತ್ತಿರ ಯಾವ ಸಾಕ್ಷಿಯೂ ಇರಲಿಲ್ಲ. ಬೇಕಾದರೆ ಪ್ರೆಸಿಡೆಂಟರನ್ನೇ ಕೇಳು ಎಂದೆ. ಅವಳು ಕೇಳಿದಳು. ಲಿಫ್ಟಿನ ಬಳಿ ಅವರನ್ನು ತಡೆದು, ತನ್ನ ಸಾಲುಮನೆಯ ವೇಗದ ತಮಿಳಿನಲ್ಲಿ, ನಿಜವಾಗಿ ಕೊಡ್ತೀರಾ, ನಂಬಿಕೊಂಡು ಅಣ್ಣ ನೋಡಿದ ಮನೆ ಬಿಡಬಹುದಾ ಎಂದು ಕೇಳಿದಳಂತೆ. ಅರ್ಧ ತಿಳಿದ ಭಾಷೆಯಲ್ಲಿ ನಾವೆಲ್ಲ ಮಾಡುವುದನ್ನೇ ಅವರು ಮಾಡಿದರು. ನಗುತ್ತ "ಆಮಾ, ಆಮಾ" ಎಂದರು. ಹೌದು ಹೌದು. ಅವಳು ಅಂದೇ ಅಣ್ಣನಿಗೆ ಫೋನು ಮಾಡಿ ಬೇಡ ಎಂದಳು. ತಿರುವೊಟ್ಟಿಯೂರಿನ ಆ ಪೋರ್ಷನ್ ದೀಪಾವಳಿಯ ಮುಂಚೆಯೇ ಬೇರೆಯವರ ಪಾಲಾಯಿತು, ಗೋಡೌನಿನ ಕೆಲಸವೂ.

ನನಗೆ ಪ್ರೆಸಿಡೆಂಟರ ಮೇಲೆ ಸಿಟ್ಟು ಬರಬೇಕಿತ್ತು. ಅವರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದರು. ತಮಿಳು ಬಲ್ಲವರಿಂದ ಒಂದು ನೋಟೀಸು ಬರೆಸಿ ಗೇಟಿಗೆ ಹಚ್ಚುತ್ತೇನೆ ಎಂದರು, ಹಚ್ಚಿದರು ಕೂಡ. ಆದರೆ ಅಷ್ಟರಲ್ಲಿ ಆ ಪದ ಕಾಂಪೌಂಡಿನೊಳಗೆ ವಾಪಸು ಬಂದಿತ್ತು.

ಸಾಲುಮನೆಗಳಲ್ಲಿ ಯಾರಿಗೆ ಯಾವ ಮೂಲೆ ಎಂಬ ಮಾತು ಶುರುವಾಗಿತ್ತು. ಯಾರೋ ಒಬ್ಬ ಆ ಖಾಲಿ ಜಾಗದಲ್ಲಿ ತೆಂಗಿನ ಸಸಿ ನೆಟ್ಟ. ಮಾರನೇ ದಿನ ವಾಟ್ಸಾಪಿನಲ್ಲಿ ಆ ಸಸಿಯ ಫೋಟೋ. ಮಗಳು ಫೋನು ನನ್ನ ಮುಖದ ಮುಂದೆ ಹಿಡಿದಳು. ಬಾಡಿಗೆಗೆ ಬಿಟ್ಟರೆ ನಾಳೆ ಪಟ್ಟಾ ಕೇಳುತ್ತಾರೆ, ಇಂದು ಸಸಿ ನಾಳೆ ಗುಡಿಸಲು, ಇವರನ್ನು ಒಳಗೆ ಬಿಟ್ಟುಕೊಂಡರೆ ಎಬ್ಬಿಸುವುದು ಆಗದ ಮಾತು ಎಂದು ಒಬ್ಬರ ಹಿಂದೆ ಒಬ್ಬರು ಬರೆದಿದ್ದರು. ವ್ಯಾನಿನವರು, ಮಷೀನಿನವರು ಎಲ್ಲ ಎದ್ದು ಕೂತಿದ್ದರು.

"ಒರು ವಾರ್ತೈಕ್ಕಾಗವಾ ಮಾ ಇವ್ಳೋ?" ಎಂದಳು ಮಗಳು. ಒಂದು ಪದಕ್ಕೆ ಇಷ್ಟೊಂದಾ?

"ಪದ ಅಲ್ಲಮ್ಮ, ನೆಲ. ನೆಲ ಅಂದ್ರೆ ಎಲ್ರಿಗೂ ಹಾಗೇ. ಅವ್ರಿಗೂ ಹಾಗೇ, ಇವ್ರಿಗೂ ಹಾಗೇ."

ಮುಂದಿನ ಮೀಟಿಂಗಿನಲ್ಲಿ ಪ್ರೆಸಿಡೆಂಟ್ ಎದ್ದು ತಪ್ಪು ನನ್ನ ತಮಿಳಿನದು, ಕೆಲಸದವರದಲ್ಲ, ಕಟ್ಟಡದ ಯೋಜನೆ ಬಿಡಬೇಡಿ ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡರು. ನಾನೂ ಎದ್ದೆ, ಬಾಡಿಗೆ ಕರಾರು ಮಾಡಿಕೊಂಡರಾಯಿತು, ರೈಲ್ವೆ ಕ್ವಾರ್ಟರ್ಸನ್ನು ಯಾರೂ ನುಂಗಲಿಲ್ಲ ಎಂದೆ. ಹಿಂದಿನಿಂದ ಯಾರೋ, ಮೇಡಮ್ ನಿಮ್ಮ ರೈಲು ಬೇರೆ ಎಂದರು, ಎಲ್ಲರೂ ನಕ್ಕರು. ಕೈ ಎತ್ತಿಸಿದರು. ಮೊದಲ ಸಲ ಒಪ್ಪಿದ್ದ ಕೈಗಳಲ್ಲಿ ಬಹಳಷ್ಟು ಈ ಸಲ ಮಡಿಲಲ್ಲೇ ಉಳಿದವು. ಸೈಟು ಯಾರೂ ಕೊಡುವುದಿರಲಿಲ್ಲ, ಕೋಣೆಯಾದರೂ ಸಿಗುವುದಿತ್ತು. ಈಗ ಕೋಣೆಯೂ ಇಲ್ಲವಾಯಿತು. ಆ ಜಾಗಕ್ಕೆ ಸುತ್ತ ತಂತಿಬೇಲಿ ಬಿತ್ತು, ತೆಂಗಿನ ಸಸಿಯನ್ನು ತೋಟದವನ ಕೈಲೇ ಕೀಳಿಸಿದರು. ಪ್ರೆಸಿಡೆಂಟ್ ರಾಜೀನಾಮೆ ಕೊಟ್ಟರು. ಆಮೇಲೆ ಅವರು ಲಿಫ್ಟಿನಲ್ಲಿ ಸಿಕ್ಕರೆ ಕನ್ನಡದಲ್ಲೂ ಮಾತಾಡುತ್ತಿರಲಿಲ್ಲ.

ಅವಳು ಈ ವಿಷಯ ನನ್ನ ಹತ್ತಿರ ಎತ್ತಲೇ ಇಲ್ಲ. ನೀವು ಹೇಳಿದ್ದು ಸರಿಯಾಗಿತ್ತು ಎಂದೂ ಅನ್ನಲಿಲ್ಲ, ನೀವೇ ಹಾಳುಮಾಡಿದ್ದು ಎಂದೂ ಅನ್ನಲಿಲ್ಲ. ಮೊದಲಿನಂತೆಯೇ ಬರುತ್ತಿದ್ದಳು, ಕೆಲಸ ಮಾಡುತ್ತಿದ್ದಳು. ಮಾತು ಮಾತ್ರ ಪೂರ್ತಿ ತಮಿಳಿಗೆ ತಿರುಗಿತು. ಬಿಡುವು ಸಿಕ್ಕಾಗಲೆಲ್ಲ ಸುತ್ತಮುತ್ತ ಕೋಣೆ ಹುಡುಕಿಕೊಂಡು ಅಲೆದಳು. ಕೆಲವು ಕಡೆ ಬಾಡಿಗೆ ಅವರ ಇಬ್ಬರ ಸಂಬಳವನ್ನು ನುಂಗುವಂತಿತ್ತು, ಕೆಲವು ಕಡೆ ನೀವು ಯಾವ ಜನ ಎಂದು ಮೊದಲೇ ಕೇಳಿದರು. ಪೊಂಗಲ್ ಆಯಿತು. ಗೋಡೆಯ ಆಚೆ ಯಂತ್ರ ಬಂದು ನಿಂತಿತು, ಶೀಟು ಕಳಚುವ ಸದ್ದು ನಮ್ಮ ಬಾಲ್ಕನಿಗೆ ಕೇಳುತ್ತಿತ್ತು. ನಾನು ಬಾಲ್ಕನಿಯ ಬಾಗಿಲು ಹಾಕಿ ಆಫೀಸಿಗೆ ಹೋದೆ.

ಕೊನೆಯ ದಿನ ಅವಳು ನಮ್ಮ ಮನೆಯ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡು ಬಂದಳು. ಎಲ್ಲಿಗೆ ಎಂದು ಕೇಳಿದೆ. ತಿರುವೊಟ್ಟಿಯೂರಿನ ಅಣ್ಣನ ಮನೆಗೆ. ಅಲ್ಲಿ ಅವನ ಸಂಸಾರದ ಜೊತೆ ಒಂದೇ ಕೋಣೆಯಲ್ಲಿ ಅವಳಿಗೂ ಮಗಳಿಗೂ ಮಲಗುವಷ್ಟು ಜಾಗ. ಮಗಳು ಪರೀಕ್ಷೆ ಮುಗಿಯುವವರೆಗೆ ಕತ್ತಲಲ್ಲೇ ಎದ್ದು ಬಸ್ಸು ಹಿಡಿದು ಇಲ್ಲಿನ ಸ್ಕೂಲಿಗೆ ಬರುತ್ತಾಳೆ. ಗಂಡ ಇಲ್ಲಿಯ ಕೆಲಸ ಬಿಡುವಂತಿಲ್ಲ, ಅಲ್ಲಿ ಕೆಲಸವಿಲ್ಲ. ಅವನು ಹಗಲು ನಮ್ಮ ಸೈಕಲ್ ಶೆಡ್ಡಿನ ಹಿಂದೆ ಮಲಗಿಕೊಳ್ಳುತ್ತಾನೆ, ಸೆಕ್ಯುರಿಟಿಯವರು ನೋಡಿಯೂ ನೋಡದಂತೆ ಇರಲು ಒಪ್ಪಿದ್ದಾರೆ.

"ಲೀವು ನಾಳ್ಲೆ ಊರುಕ್ಕು ವರುವಾರು," ಎಂದಳು. ರಜಾ ದಿನ ಊರಿಗೆ ಬರುತ್ತಾರೆ.

ಒಂದೇ ಪಟ್ಟಣದಲ್ಲಿ ಇದ್ದುಕೊಂಡು ಗಂಡ ಹೆಂಡತಿಯನ್ನು ನೋಡಲು ಊರಿಗೆ ಹೋಗಬೇಕು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬಾಯಿ ತಾನಾಗಿ ತೆರೆಯಿತು.

"ಇಲ್ಲೇ ಇದ್ಬಿಡು. ಸಾರ್ ಇದ್ದ ರೂಮು ಖಾಲಿ ತಾನೆ ಇರೋದು. ನೀನೂ ಮಗಳೂ ಇರಿ. ಬಾಡಿಗೆ ಗೀಡಿಗೆ ಏನೂ ಬೇಡ. ಅವನು ಬೇಕಾದಾಗ ಬಂದು ಹೋಗ್ಲಿ."

ಅವರು ಹೋದ ಮೇಲೆ ಆ ರೂಮಿಗೆ ನಾನು ಕಾಲಿಟ್ಟಿರಲಿಲ್ಲ. ಇನ್ನೊಬ್ಬರು ಅಲ್ಲಿ ಮಲಗುವುದನ್ನು ಯೋಚಿಸಿಯೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಮಾತು ನನ್ನಿಂದ ಬರಲಾರದು ಎಂದು ಆ ಗಳಿಗೆಯಲ್ಲಿ ನನಗನ್ನಿಸಿತ್ತು. ಅವಳು ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಎಷ್ಟೋ ವಾರದ ಮೇಲೆ ಕನ್ನಡದಲ್ಲಿ ಹೇಳಿದಳು.

"ನಿಮ್ಮ ಮನೇಲೇ ಇದ್ರೆ ನಾನು ಯಾವಾಗ ಮನೆಗೆ ಹೋಗೋದು ಅಮ್ಮಾ?"

ಅದರಲ್ಲಿ ಕೋಪವಿರಲಿಲ್ಲ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ನನಗೆ ನಾಚಿಕೆಯಾಯಿತು. ಗಂಡ ಸತ್ತ ಮೇಲೆ ನನ್ನೊಳಗೆ ಏನಾದರೂ ಆದದ್ದು ಅದೇ ಮೊದಲು, ಅದೂ ನಾಚಿಕೆ. ಮುಖಕ್ಕೆ ಏರಿದ ಬಿಸಿ ಕಿವಿಯವರೆಗೆ ಹೋಯಿತು. ಅವಳು ಸಿಂಕು ಒರೆಸಿದಳು, ಬಟ್ಟೆ ಹಿಂಡಿ ಕಿಟಕಿಯ ಸರಳಿಗೆ ಹಾಕಿದಳು, ಸೆರಗಿಗೆ ಕೈ ಒರೆಸಿಕೊಂಡು "ಪೋಯಿಟ್ಟು ವರೇನ್ ಮಾ" ಎಂದಳು. ಹೋಗಿ ಬರುತ್ತೇನೆ ಎಂದು. ಎರಡು ಭಾಷೆಯಲ್ಲೂ ಹೊರಡುವವರು ಹಾಗೆಯೇ ಹೇಳಬೇಕು, ವಾಪಸು ಬರಲು ಜಾಗವಿಲ್ಲದವರು ಕೂಡ.